ಸಮ್ ದಿಬ್ಬಗಳಲ್ಲಿ ಒಂದು ಸಂಜೆ, ಒಂದು ಮುಂಜಾವು

ಹುಬ್ಬಳ್ಳಿಯಿಂದ ಜೋಧಪುರಕ್ಕೆ ಗಾಡಿ ಬದಲಿಸದೆ ಹೋಗಬಹುದು. ಬೆಂಗಳೂರಿನಿಂದ ಬರುವ ರೈಲು ಬೆಳಗಾವಿ, ಮೀರಜ, ಪುಣೆ, ಅಹಮದಾಬಾದ್ ಹಾದು ಸುಮಾರು ಒಂದೂವರೆ ದಿನದಲ್ಲಿ ಮುಟ್ಟಿಸುತ್ತದೆ. ಅದು ದಿನಾಲೂ ಓಡುವ ಗಾಡಿಯಲ್ಲ. ವಾರದ ಯಾವ ದಿನ ಇದೆ ಎಂದು ನೋಡಿಕೊಂಡೇ ರಜೆ ಹಾಕಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ದಾರಿಯ ಊಟದ ಚಿಂತೆ ಅರ್ಧ ಇಳಿಯುತ್ತದೆ. ಜೋಧಪುರದಿಂದ ಜೈಸಲ್ಮೇರ್ ರಸ್ತೆಯಲ್ಲಿ ಸುಮಾರು 285 ಕಿ.ಮೀ., ಅಲ್ಲಿಂದ ಪಡುವಣಕ್ಕೆ 40 ಕಿ.ಮೀ. ಆಚೆ ಥಾರ್ ಮರುಭೂಮಿಯ ಉಸುಕಿನ ದಿಬ್ಬಗಳ ಊರು ಸಮ್.

ಸಮ್ ಇರುವುದು ಮರುಭೂಮಿ ರಾಷ್ಟ್ರೀಯ ಉದ್ಯಾನದ ಸೀಮೆಯಲ್ಲಿ. ಉದ್ಯಾನದ ವಿಸ್ತೀರ್ಣ 3,162 ಚದರ ಕಿ.ಮೀ., ಅಂದರೆ ನಮ್ಮ ಧಾರವಾಡ ಜಿಲ್ಲೆಯ ಮುಕ್ಕಾಲು ಭಾಗದಷ್ಟು. ಅದರಲ್ಲಿ ಉಸುಕಿನ ದಿಬ್ಬಗಳು ಐದನೇ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಗರಸು, ಹುಲ್ಲುಗಾವಲು. ಸಂಜೆ ಬಂದು ಒಂಟೆ ಹತ್ತಿ, ಫೋಟೋ ತೆಗೆದು ರಾತ್ರಿಯೇ ಜೈಸಲ್ಮೇರಿಗೆ ಮರಳುವವರಿಗೆ ಈ ನಾಲ್ಕು ಪಾಲು ಕಾಣುವುದೇ ಇಲ್ಲ. ಒಂದು ರಾತ್ರಿ ಉಳಿಯಲೇಬೇಕು. ಸಮ್‌ನಲ್ಲಿ ಗದ್ದಲ ಹೆಚ್ಚು. ಸದ್ದಿಲ್ಲದ ಜಾಗ ಬೇಕಾದವರಿಗೆ ಜೈಸಲ್ಮೇರಿನ ನೈರುತ್ಯಕ್ಕಿರುವ ಖುರಿ ಎಂಬ ಊರು ಒಳ್ಳೆಯದು. ಹೋಗಬೇಕಾದದ್ದು ನವೆಂಬರಿನಿಂದ ಫೆಬ್ರುವರಿಯೊಳಗೆ. ಮಕ್ಕಳ ಬೇಸಿಗೆ ರಜೆಗೆ ಈ ಊರು ಬೇಡವೇ ಬೇಡ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ.

ಡಿಸೆಂಬರ್ ಕೊನೆಗೆ ಅಲ್ಲಿ ಹೊತ್ತು ಮುಳುಗುವುದು ಆರು ಗಂಟೆ ಸುಮಾರಿಗೆ. ನಾಲ್ಕೂವರೆಗೆ ದಿಬ್ಬದ ಬುಡದಲ್ಲಿದ್ದರೆ ಸಾಕು. ಏರುವ ಮೊದಲು ದಿಬ್ಬದ ಎರಡು ಮಗ್ಗಲನ್ನೂ ನೋಡಿ. ಗಾಳಿ ಬೀಸುವ ಕಡೆ ಏರು ಸಣ್ಣದು, ಉಸುಕು ಬಿಗಿಯಾಗಿ ಕೂತಿರುತ್ತದೆ. ಆಚೆ ಮಗ್ಗಲಲ್ಲಿ ನೆತ್ತಿಯಿಂದ ಉದುರಿದ ಉಸುಕು 32-34 ಡಿಗ್ರಿ ಇಳಿಜಾರಿನಲ್ಲಿ ಸಡಿಲವಾಗಿ ನಿಂತಿರುತ್ತದೆ. ಒಣ ಉಸುಕು ಅದಕ್ಕಿಂತ ಕಡಿದಾಗಿ ನಿಲ್ಲಲಾರದು. ಕಣದಲ್ಲಿ ಜೋಳದ ರಾಶಿಗೆ ಮೇಲಿಂದ ಇನ್ನೊಂದು ಪುಟ್ಟಿ ಸುರಿದರೆ ಕಾಳು ಜಾರಿ ರಾಶಿ ಮೊದಲಿನ ಓರೆಗೇ ಬರುತ್ತದಲ್ಲ, ಹಾಗೆ. ಈ ಮಗ್ಗಲಿಂದ ಏರಹೋದರೆ ಒಂದು ಹೆಜ್ಜೆ ಇಟ್ಟು ಅರ್ಧ ಹೆಜ್ಜೆ ಹಿಂದೆ ಜಾರುತ್ತೀರಿ. ವಯಸ್ಸಾದವರನ್ನು ಗಾಳಿಯ ಮಗ್ಗಲಿಂದಲೇ ಹತ್ತಿಸಿ. ಮಕ್ಕಳಿಗೆ ಜಾರುಬಂಡಿ ಆಡಲು ಸಡಿಲ ಮಗ್ಗಲು ಸೊಗಸು, ಆದರೆ ಕೆಳಗೆ ಜೀಪು ಓಡಾಡುವ ದಾರಿ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ.

ಒಂಟೆ ಹತ್ತುವಾಗ ಬೀಳುವುದಕ್ಕೆ ಕಾರಣ ಒಂದೇ: ಅದು ಏಳುವ ಕ್ರಮ ಗೊತ್ತಿಲ್ಲದಿರುವುದು. ಒಂಟೆ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಬೆನ್ನು ಹಿಂದಕ್ಕೆ ವಾಲಿಸಿ ಎರಡೂ ಕೈಯಲ್ಲಿ ಜೀನಿನ ಹಿಡಿ ಬಿಗಿಹಿಡಿಯಬೇಕು. ಕೂಡುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಮಂಡಿನೋವಿನ ಅಜ್ಜ-ಅಜ್ಜಿಯರಿಗೆ ಒಂಟೆಗಾಡಿ ಹಿತ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಮರಳುವುದೂ ಸೇರಿದೆಯೇ ಎಂಬುದನ್ನು ಮಾತಾಡಿಕೊಂಡು, ಹಣ ಇಳಿದ ಮೇಲೆ ಕೊಡಿ.

ಜೀಪು ಸವಾರಿಯ ಬಗ್ಗೆ ಮಾತ್ರ ಬಿಗಿಯಾಗಿಯೇ ಹೇಳಬೇಕು. ನೆತ್ತಿಯ ಆಚೆ ಏನಿದೆ ಎಂದು ಚಾಲಕನಿಗೂ ಕಾಣುವುದಿಲ್ಲ. ದಿಬ್ಬಕ್ಕೆ ಅಡ್ಡಡ್ಡ ಓಡಿಸಿದರೆ ಜೀಪು ಮಗುಚುತ್ತದೆ. ಹಿಂದೆ ಕಂಬಿ ಹಿಡಿದು ಮಕ್ಕಳನ್ನು ನಿಲ್ಲಿಸುವುದು ರೂಢಿಯಾಗಿಬಿಟ್ಟಿದೆ, ಒಪ್ಪಲೇಬೇಡಿ. ಸ್ವಂತ ಕಾರು ತಂದವರು ಡಾಂಬರು ಬಿಟ್ಟು ಇಳಿಯಬಾರದು. ಗಾಲಿ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಗಾಲಿಯ ಮುಂದಿನ ಉಸುಕು ಕೈಯಿಂದ ಬಳಿದು, ಟೈರಿನ ಗಾಳಿ ಅರ್ಧದಷ್ಟು ಇಳಿಸಿ, ಕೆಳಗೆ ಕಾರಿನ ಮ್ಯಾಟ್ ಹಾಕಿ ಮೆಲ್ಲಗೆ ಹೊರತೆಗೆಯಬೇಕು.

ಕ್ಯಾಮೆರಾದ ಲೆನ್ಸ್ ದಿಬ್ಬದ ಮೇಲೆ ಬದಲಿಸಬೇಡಿ. ಮೊಬೈಲ್ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿರಲಿ, ಚಾರ್ಜಿಂಗ್ ತೂತಿನಲ್ಲಿ ಉಸುಕು ಹೊಕ್ಕರೆ ರಾತ್ರಿ ಪಿನ್ ಕೂಡುವುದಿಲ್ಲ. ಬೀಗದ ಕೈ ಬಿದ್ದರೆ ಸಿಗುವುದು ಕಷ್ಟ, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ.

ಹೊತ್ತು ಮುಳುಗಿದ ಅರ್ಧ ತಾಸಿನಲ್ಲೇ ಚಳಿ ಏರುತ್ತದೆ. ಒಣ ಗಾಳಿ, ಮೋಡವಿಲ್ಲದ ಬಾನು. ಉಸುಕು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಜನವರಿ ರಾತ್ರಿ 5-8 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಧಾರವಾಡದ ಚಳಿಯ ಲೆಕ್ಕದಲ್ಲಿ ಒಂದು ಸ್ವೆಟರ್ ತಂದರೆ ಸಾಲದು; ಸಣ್ಣವರಿಗೆ ಕುಲಾವಿ, ಕಾಲುಚೀಲ ಎರಡೆರಡು ಜೊತೆ ಬೇಕು. ಟೆಂಟ್ ಕಾಯ್ದಿರಿಸುವಾಗಲೇ ಮಾಂಗಣಿಯಾರ್ ಹಾಡುಗಾರರು ಬರುತ್ತಾರೆಯೇ ಎಂದು ಕೇಳಿ. ಕಮಾಯ್ಚಾ ತಂತಿಯ ನಾದ, ಖಡತಾಲದ ಲಯ ಹತ್ತಿರ ಕೂತು ಕೇಳಬೇಕಾದದ್ದು. ಡಿಜೆ ಹಾಕುವ ಕಡೆ ಅದು ಸಿಗುವುದಿಲ್ಲ.

ಮುಂಜಾನೆ ಹೊತ್ತು ಹುಟ್ಟುವುದು ಏಳೂವರೆ ಸುಮಾರಿಗೆ. ಏಳಕ್ಕೇ ದಿಬ್ಬ ಹತ್ತಿದರೆ ಜನರ ಹೆಜ್ಜೆ ಗಾಳಿಗೆ ಅಳಿಸಿ, ರಾತ್ರಿ ಓಡಾಡಿದ ಜೀರುಂಡೆ, ಹಲ್ಲಿ, ನರಿಗಳ ಗುರುತು ಕಾಣುತ್ತವೆ. ದಿಬ್ಬದ ಸೆರಗಿನಲ್ಲಿ ನಮ್ಮ ಎಕ್ಕೆ ಗಿಡವೇ ನಿಂತಿದೆ. ಖೇಜ್ರಿ ಎಂದು ಅವರು ಪೂಜಿಸುವ, ರಾಜಸ್ಥಾನದ ರಾಜ್ಯವೃಕ್ಷ, ನಾವು ದಸರೆಗೆ ಎಲೆ ಹಂಚಿಕೊಳ್ಳುವ ಬನ್ನಿ. ಆಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ಉದ್ಯಾನದೊಳಗಿನ ಸುದಾಸರಿ ಕಡೆ ಹೋದರೆ ಹುಲ್ಲುಗಾವಲಿನಲ್ಲಿ ಚಿಂಕಾರಾ ಎಂಬ ಸಣ್ಣ ಹುಲ್ಲೆಗಳು ಸಿಗುತ್ತವೆ, ಅದೃಷ್ಟವಿದ್ದರೆ ಗೋಡಾವಣವೂ. ಅದು ನಮ್ಮ ಎರೆಭೂತ. ಹಿಂದೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಕಾಣುತ್ತಿದ್ದ ಹಕ್ಕಿ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಭಾರದ ಮೈ, ಎದುರಿನ ನೋಟ ಕಡಿಮೆ, ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಜೀಪು ಗುರುತಿನ ದಾರಿ ಬಿಟ್ಟು ಹುಲ್ಲಿಗೆ ಇಳಿಯದಂತೆ ನೋಡಿಕೊಳ್ಳುವುದು ಪ್ರವಾಸಿಗರ ಕೈಯಲ್ಲಿದೆ.

ಮರಳುವಾಗ ಜೈಸಲ್ಮೇರ್ ಪೇಟೆಯಲ್ಲಿ ಕಾಲು ಕಿಲೋ ಒಣ ಸಾಂಗ್ರಿ ಕೊಳ್ಳಿ. ಅದು ಬನ್ನಿಯ ಎಳೆ ಕಾಯಿ. ರಾತ್ರಿ ನೆನೆಹಾಕಿ, ನಾಲ್ಕೈದು ನೀರಿನಲ್ಲಿ ತೊಳೆಯಬೇಕು, ಮಡಿಕೆಗಳಲ್ಲಿ ಉಸುಕು ಕೂತಿರುತ್ತದೆ. ಮೆತ್ತಗೆ ಬೇಯಿಸಿ ಎಣ್ಣೆ, ಜೀರಿಗೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಬಾಡಿಸಿದರೆ ಸಜ್ಜೆ ರೊಟ್ಟಿಗೆ ಒಳ್ಳೆಯ ಪಲ್ಯ.