ಯುಸ್ತೆ: ಚಕ್ರವರ್ತಿಯ ಕಾಲುನೋವಿಗೆ ತಕ್ಕಂತೆ ಕಟ್ಟಿದ ಮನೆ

ಮ್ಯಾಡ್ರಿಡ್‌ನಿಂದ ಪಶ್ಚಿಮಕ್ಕೆ ಹೊರಟು ನವಾಲ್‌ಮೊರಾಲ್‌ನಲ್ಲಿ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿದರೆ, ಗ್ರೆದೋಸ್ ಬೆಟ್ಟಸಾಲಿನ ಬುಡದಲ್ಲಿ ಲಾ ವೇರಾ ಸೀಮೆ. ಇಲ್ಲಿನ ಕುವಾಕೋಸ್ ಹಳ್ಳಿಯಿಂದ ಸುಮಾರು ಎರಡು ಕಿ.ಮೀ. ಏರು ಹತ್ತಿದರೆ ಯುಸ್ತೆ ಮಠ. ಸೋಮವಾರ ಬಾಗಿಲು ಹಾಕಿರುತ್ತದೆ.

ಅರ್ಧ ಯುರೋಪು, ಮೆಕ್ಸಿಕೊ, ಪೆರು ಎಲ್ಲವನ್ನೂ ಆಳಿದ ಐದನೆಯ ಚಾರ್ಲ್ಸ್ ಕೊನೆಗಾಲ ಕಳೆದದ್ದು ಇಲ್ಲಿ. 1500ರಲ್ಲಿ ಘೆಂಟ್‌ನಲ್ಲಿ ಹುಟ್ಟಿದವನು, 1519ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಆಯ್ಕೆಯಾದವನು. 1555ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಅಧಿಕಾರ ಬಿಡಲು ಶುರುಮಾಡಿದ: ನೆದರ್ಲೆಂಡ್ಸ್, ಸ್ಪೇನ್ ಮಗ ಫಿಲಿಪ್‌ಗೆ, ಸಾಮ್ರಾಜ್ಯ ತಮ್ಮ ಫರ್ಡಿನಾಂಡ್‌ಗೆ. ಆ ಸಭೆಯಲ್ಲಿ ನಿಲ್ಲಲೂ ಅವನಿಗೆ ಯುವ ಸರದಾರ ಆರೆಂಜ್‌ನ ವಿಲಿಯಂನ ಭುಜ ಬೇಕಾಯಿತು. ಗೌಟ್, ಅಂದರೆ ಕೀಲುಗಳಲ್ಲಿ ಹರಳು ಕಟ್ಟಿ ನೋಯಿಸುವ ರೋಗ, ಅವನ ಕೀಲುಗಳನ್ನು ಅಷ್ಟರಮಟ್ಟಿಗೆ ತಿಂದಿತ್ತು.

ಅರಮನೆ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಹೊರಟುಬಿಡುತ್ತಾರೆ. ಮಠದ ಚರ್ಚಿಗೆ ಅಂಟಿಕೊಂಡಿರುವ ಅವನ ಮನೆ ಎರಡು ಅಂತಸ್ತು, ಅಂತಸ್ತಿಗೆ ನಾಲ್ಕು ಕೋಣೆ, ಅಷ್ಟೇ. ಆದ್ದರಿಂದ ನೇರ ಒಳಗೆ ಹೋಗಬೇಡಿ, ಮೊದಲು ಹೊರಗಿನ ಇಳಿಜಾರು ದಾರಿಯ ಬಳಿ ನಿಲ್ಲಿ. ಮೆಟ್ಟಿಲು ಹತ್ತಲಾಗದವನು ಸವಾರಿಯಲ್ಲೇ ಮೇಲಂತಸ್ತಿನವರೆಗೆ ಬರಲೆಂದು ಮಾಡಿದ ದಾರಿ ಅದು. ಒಳಗೆ ಕಾಲು ಚಾಚಿ ಕೂರಲು ಮುಂದಕ್ಕೆ ಪಾದಪೀಠವಿರುವ ಕುರ್ಚಿ ಇಟ್ಟಿದ್ದಾರೆ. ಮಲಗುವ ಕೋಣೆಗೆ ಕಪ್ಪು ಬಟ್ಟೆ ಹೊದಿಸಿದ್ದಾರೆ. ಅಲ್ಲಿ ಹಾಸಿಗೆಯನ್ನು ನೋಡುತ್ತಾ ನಿಂತುಬಿಡಬೇಡಿ, ಗೋಡೆಯ ತೆರಪನ್ನು ನೋಡಿ. ಅದು ಚರ್ಚಿನ ಮುಖ್ಯ ಬಲಿಪೀಠದತ್ತ ತೆರೆದಿದೆ. ಏಳಲಾಗದ ದಿನ ಮಲಗಿದಲ್ಲಿಂದಲೇ ಬಲಿಪೂಜೆ (ಪಾದ್ರಿ ನಡೆಸುವ ಮಾಸ್ ಆರಾಧನೆ) ಕಾಣುತ್ತಿತ್ತು. ಇಡೀ ಮನೆಯ ಲೆಕ್ಕಾಚಾರ ಆ ಒಂದು ತೆರಪಿನಲ್ಲಿದೆ.

ಪೀಠೋಪಕರಣಗಳಲ್ಲಿ ಹೆಚ್ಚಿನವು ಅವನ ಕಾಲದವಲ್ಲ. 1809ರಲ್ಲಿ ಫ್ರೆಂಚ್ ಸೈನಿಕರು ಮಠಕ್ಕೆ ಬೆಂಕಿಯಿಟ್ಟರು. ಈಗ ಕಾಣುವುದು ಬಹುಪಾಲು ಇಪ್ಪತ್ತನೇ ಶತಮಾನದ ಜೀರ್ಣೋದ್ಧಾರ. ಚಿತ್ರಕಾರ ಟಿಷಿಯನ್ ಬರೆದ 'ಗ್ಲೋರಿಯಾ'ದ ನಕಲು ಮಾತ್ರ ಇಲ್ಲಿದೆ. ಚಾರ್ಲ್ಸ್ ತನ್ನೊಡನೆ ತಂದಿದ್ದ ಮೂಲಚಿತ್ರ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ಅದನ್ನು ಮೊದಲು ನೋಡಿಕೊಂಡು ಬಂದರೆ ಒಳ್ಳೆಯದು. ಶವವಸ್ತ್ರ ಉಟ್ಟ ಚಕ್ರವರ್ತಿ, ತೀರಿಹೋದ ಹೆಂಡತಿ ಇಸಾಬೆಲ್ ಜೊತೆ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಎಂಬ ಕ್ರೈಸ್ತರ ದೇವರ) ಮುಂದೆ ಕೈಮುಗಿದಿದ್ದಾನೆ.

ಮನೆಯ ಕೆಳಗಿನ ಕೊಳ ಚೆಂದವಾಗಿದೆ. ಅಂಥ ನಿಂತ ನೀರೇ ಸೊಳ್ಳೆಯ ತವರು. 1558ರ ಸೆಪ್ಟೆಂಬರ್ 21ರಂದು ಅವನು ಜ್ವರದಿಂದ ಸತ್ತ. ಮ್ಯಾಡ್ರಿಡ್ ಬಳಿಯ ರಾಜಮಠ ಎಸ್ಕೋರಿಯಲ್‌ನಲ್ಲಿ ಉಳಿದಿದ್ದ ಅವನ ಕಿರುಬೆರಳ ತುದಿಯನ್ನು ಈ ಶತಮಾನದಲ್ಲಿ ಪರೀಕ್ಷಿಸಿದಾಗ ಗೌಟಿನ ಯೂರೇಟ್ ಹರಳೂ ಸಿಕ್ಕಿತು, ಮಲೇರಿಯಾದ ಪರೋಪಜೀವಿಯೂ ಸಿಕ್ಕಿತು. ಬಲಿಪೂಜೆ ಮಾಡುವ ಪಾದ್ರಿಯ ಕಾಲು ತನ್ನ ಎದೆ, ತಲೆಯ ಮೇಲೆ ಬರುವಂತೆ ಅರ್ಧ ದೇಹವನ್ನು ಬಲಿಪೀಠದಡಿ ಹೂಳಬೇಕೆಂದು ಬಯಸಿದ್ದ. 1574ರಲ್ಲಿ ಮಗ ದೇಹವನ್ನು ಎಸ್ಕೋರಿಯಲ್‌ಗೆ ಒಯ್ದ.

ಸಮಯವಿದ್ದರೆ ಅವನು ಬಂದ ದಾರಿಯನ್ನೂ ನಡೆಯಿರಿ. 1556ರ ನವೆಂಬರ್‌ನಲ್ಲಿ ತೋರ್ನಾವಾಕಾಸ್ ಹಳ್ಳಿಯಿಂದ ಬೆಟ್ಟ ದಾಟಿಸಿ ಅವನನ್ನು ಹೊತ್ತು ತಂದರು. ಅಲ್ಲಿಂದ ಹರಾಂದಿಯಾ ಊರಿನವರೆಗೆ ಸುಮಾರು 27 ಕಿ.ಮೀ., ಪೂರ್ತಿ ಹಗಲಿನ ನಡಿಗೆ. ಬೆಟ್ಟದ ಮೇಲೆ ಹಿಮವಿದ್ದಾಗ ಹೊರಡಬೇಡಿ. ಅಷ್ಟು ಆಗದಿದ್ದರೆ ಹರಾಂದಿಯಾದಿಂದ ಯುಸ್ತೆಗೆ ಸುಮಾರು ಹತ್ತು ಕಿ.ಮೀ. ಸಾಕು. ಯುಸ್ತೆಯ ಮನೆ ಸಿದ್ಧವಾಗುವ ತನಕ, 1557ರ ಫೆಬ್ರವರಿ 3ರವರೆಗೆ, ಅವನು ತಂಗಿದ್ದ ಹರಾಂದಿಯಾ ಕೋಟೆ ಈಗ ಹೋಟೆಲು. ನೀವೂ ಅಲ್ಲೇ ಉಳಿಯಬಹುದು.