ಇಪ್ಪತ್ತರಲ್ಲಿ ಹತ್ತೊಂಬತ್ತು

ಮಂಡ್ಯದಿಂದ ಮೈಸೂರಿಗೆ ಹೋಗಿಬಂದದ್ದನ್ನು ಪ್ರವಾಸ ಅಂದರೆ ನಮ್ಮೂರಲ್ಲಿ ನಗುತ್ತಾರೆ. ಆದರೂ ಕಳೆದ ಭಾನುವಾರ ಅಕ್ಕನನ್ನು ಎಬ್ಬಿಸಿಕೊಂಡು ಬೆಳಗಿನ ರೈಲು ಹತ್ತಿದ್ದು ಬರೀ ಪುಸ್ತಕ ನೋಡುವುದಕ್ಕೆ. ಮೈಸೂರಿನ ಅಗ್ರಹಾರದಲ್ಲಿ ಅಕ್ಕನ ಸ್ನೇಹಿತೆಯ ದೊಡ್ಡಪ್ಪ ಇದ್ದಾರೆ, ರಿಟೈರ್ ಆದ ಸಂಸ್ಕೃತ ಮೇಷ್ಟ್ರು. ಅವರ ಮನೆಯಲ್ಲಿ ಶಂಕರಾಚಾರ್ಯರ ಸಮಗ್ರ ಕೃತಿಗಳ 1910ರ ಸೆಟ್ ಇದೆ ಅಂತ ಗೊತ್ತಾದ ದಿನದಿಂದ ನನಗೆ ತಡೆಯೋಕಾಗಿರಲಿಲ್ಲ.

ಅಚ್ಚು ಹಾಕಿದ್ದು ವಾಣಿವಿಲಾಸ ಪ್ರೆಸ್. ಹೆಸರು ಕೇಳಿ ಇದು ಮೈಸೂರಿನದೇ ಇರಬೇಕು, ನಮ್ಮ ಮಹಾರಾಣಿ ಹೆಸರಲ್ವಾ ಅಂದುಕೊಂಡಿದ್ದೆ. ಅಲ್ಲ, ತಮಿಳುನಾಡಿನ ಶ್ರೀರಂಗದ್ದು. ರಾಮಾನುಜರ ಊರಲ್ಲಿ ಶಂಕರರ ಪುಸ್ತಕ! ರೈಲು ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೋಗುವಾಗ ಅಕ್ಕನಿಗೆ ಇದನ್ನೇ ಹೇಳಿದೆ. ನಮ್ಮದು ಆದಿರಂಗ, ಅದು ಅಂತ್ಯರಂಗ, ನಡುವೆ ಹರಿಯೋದು ಇದೇ ನೀರು. ಅವಳು ಹೂಂ ಅಂದು ಮತ್ತೆ ಕಣ್ಣು ಮುಚ್ಚಿದಳು.

ನೂರೊಂದು ಗಣಪತಿ ದೇವಸ್ಥಾನದ ಹತ್ತಿರ ಆಟೋ ಇಳಿದು, ಎರಡು ಸಲ ದಾರಿ ತಪ್ಪಿ, ಮನೆ ಸೇರಿದೆವು. "ಬನ್ನಿ ಬನ್ನಿ, ಮೊದಲು ಕಾಫಿ, ಆಮೇಲೆ ಆಚಾರ್ಯರು" ಅಂದರು ಮೇಷ್ಟ್ರು.

ಬೀರು ಬಾಗಿಲು ತೆಗೆದ ಕೂಡಲೇ ನುಸಿಗುಳಿಗೆ ವಾಸನೆ. ಸಮಗ್ರ ಅಂದಮೇಲೆ ದಿಂಬಿನಷ್ಟು ದಪ್ಪದ ಪುಸ್ತಕಗಳಿರುತ್ತವೆ ಅಂತ ನನ್ನ ಲೆಕ್ಕ, ನೋಡಿದರೆ ಕೈಲಿ ಹಿಡಿದು ಓದಬಹುದಾದ ಸಣ್ಣ ಸಣ್ಣ ಪುಸ್ತಕ, ದೇವನಾಗರಿ ಅಕ್ಷರ. ಒಟ್ಟು ಇಪ್ಪತ್ತು ಸಂಪುಟ. ಮೊದಲ ಮೂರು ಬ್ರಹ್ಮಸೂತ್ರ ಭಾಷ್ಯ, ಆಮೇಲೆ ಉಪನಿಷತ್ತುಗಳು, ಗೀತೆ, ಸ್ತೋತ್ರಗಳು, ಕೊನೆಯ ಎರಡು ಪ್ರಪಂಚಸಾರ ಅನ್ನೋ ತಂತ್ರಗ್ರಂಥ. ಇವರ ಹತ್ತಿರ ಇರೋದು ಹತ್ತೊಂಬತ್ತೇ. ಹನ್ನೆರಡನೆಯದನ್ನು ಯಾರೋ ಓದಿ ಕೊಡ್ತೀನಿ ಅಂತ ತಗೊಂಡು ಹೋಗಿ ನಲವತ್ತು ವರ್ಷವಾಯಿತಂತೆ. "ಗೀತೆಯ ಎರಡನೇ ಭಾಗ ಕಣಯ್ಯಾ. ತಗೊಂಡೋನಿಗೆ ಮೊದಲನೇ ಭಾಗವೂ ಇಲ್ಲ, ನನಗೆ ಎರಡನೆಯದೂ ಇಲ್ಲ."

ಅದಕ್ಕಿಂತ ಜಾಸ್ತಿ ಸಂಕಟದ ವಿಷಯ ಇನ್ನೊಂದಿದೆ. ಮೇಷ್ಟ್ರ ತಂದೆ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರು. ಹೊಲಿಗೆ ಬಿಚ್ಚಿಕೊಂಡಿತು ಅಂತ ಇವರು ಹೊಸ ರಟ್ಟು ಹಾಕಿಸೋಕೆ ಕೊಟ್ಟರೆ, ಬೈಂಡಿಂಗ್‌ನವನು ಅಂದವಾಗಿ ಕಾಣಲಿ ಅಂತ ಮೂರೂ ಕಡೆ ಅಂಚು ಕತ್ತರಿಸಿಬಿಟ್ಟಿದ್ದಾನೆ. ಹೊರಗಿನ ಅಂಚಿನ ಮಾತೆಲ್ಲ ಅರ್ಧರ್ಧ. ಪ್ರಪಂಚಸಾರದ ಮೊದಲ ಪುಟದಲ್ಲಿ 'ಸಂದೇ' ಅಂತ ಇದೆ, ಮುಂದಕ್ಕೆ ಕಾಗದವೇ ಇಲ್ಲ.

ನಾನು ಸುಮ್ನೆ ಇರಬೇಕಿತ್ತು. ಸಂದೇಹ ಅಂತ ಇರಬೇಕು, ಇದು ಶಂಕರರದ್ದೇ ಹೌದೋ ಅಲ್ಲವೋ ಅಂತ ವಿದ್ವಾಂಸರಿಗೆ ಅನುಮಾನ ಇದೆಯಲ್ಲ ಸಾರ್, ಅಂದುಬಿಟ್ಟೆ. ಬ್ರಹ್ಮಸೂತ್ರ ಭಾಷ್ಯ, ಉಪದೇಶಸಾಹಸ್ರಿ ಬಗ್ಗೆ ತಕರಾರಿಲ್ಲ. ಸ್ತೋತ್ರಗಳಲ್ಲಿ ಬಹಳಷ್ಟು, ವಿವೇಕಚೂಡಾಮಣಿ ಕೂಡ, ಚರ್ಚೆಯಲ್ಲಿರುವಂಥವೇ. ಆದರೆ ಒಂದೇ ಅಳತೆಯ ಇಪ್ಪತ್ತು ಪುಸ್ತಕ ಸಾಲಾಗಿ ನಿಂತಾಗ ಎಲ್ಲವೂ ಒಂದೇ ಕೈಯ ಬರಹ ಅನಿಸಿಬಿಡುತ್ತದೆ, ಇದು ನನ್ನ ಅಭಿಪ್ರಾಯ. ಮೇಷ್ಟ್ರು ಕನ್ನಡಕ ತೆಗೆದರು. "ನಮ್ಮಪ್ಪ ಸಂದೇಹ ಪಡೋ ಜಾತಿಯಲ್ಲ." ಪುಸ್ತಕ ಒಳಗೆ ಹೋಯಿತು. ಪುಣ್ಯಕ್ಕೆ ಅಷ್ಟರಲ್ಲಿ ಆ ಮನೆಯ ಅಮ್ಮ ಎಲೆ ಹಾಕಿದರು. ಗೊಜ್ಜು ಚೆನ್ನಾಗಿತ್ತು.

ಊಟವಾದ ಮೇಲೆ ಕೋಪ ಇಳಿದು, ತಾವೇ ಕೋಟೆ ಮೊಹಲ್ಲಾದ ಅಭಿನವ ಶಂಕರಾಲಯಕ್ಕೆ ಹೋಗಿ ಬನ್ನಿ ಅಂದರು. ಶೃಂಗೇರಿಯ 33ನೇ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು 1858ರಲ್ಲಿ ಹುಟ್ಟಿದ ಜಾಗ ಅದು. ಎಂಟನೇ ವಯಸ್ಸಿಗೆ ಸನ್ಯಾಸ. ಕೇರಳದ ಕಾಲಡಿಯಲ್ಲಿ, ಶಂಕರರು ಹುಟ್ಟಿದ ಊರಲ್ಲಿ, 1910ರಲ್ಲಿ ಶಂಕರರಿಗೂ ಶಾರದೆಗೂ ಗುಡಿ ಕಟ್ಟಿ ಪ್ರತಿಷ್ಠೆ ಮಾಡಿದವರು ಅವರೇ. ಆ ನೆನಪಿಗೆ ಬಂದದ್ದೇ ಈ ಇಪ್ಪತ್ತು ಪುಸ್ತಕ. ಅಂತೂ ಮೈಸೂರಿಗೆ ಸಂಬಂಧ ಇತ್ತು, ನಾನು ಹುಡುಕಿದ್ದು ತಪ್ಪು ಕಡೆ.

ನಾವು ಹೋದಾಗ ಬಾಗಿಲು ಹಾಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಇನ್ನೇನಾಗುತ್ತೆ! ಹೊರಗೆ ನೆರಳಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದೆವು.

ವಾಪಸ್ ರೈಲಿನಲ್ಲಿ ಅಕ್ಕ ನನ್ನ ಫೋನ್ ಕಿತ್ತುಕೊಂಡು ಆ ಪುಟದ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದಳು.

"ಲೋ, ಸಂದೇಹವಿಲ್ಲ ಅಂತಲೂ ಬರೆದಿರಬಹುದಲ್ವಾ?"