ಹಂಚಿನ ಮೇಲಿನ ಇಸವಿ

ಹಳೆ ಮನೆಗಳ ಮಾಡು, ಅಂದರೆ ಚಾವಣಿ, ರಿಪೇರಿ ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ಮಂಗಳೂರಿನ ಹತ್ತಿರದ ಒಂದು ಮನೆಯ ಹಂಚು ಇಳಿಸಿ ತಿರುಗಿಸಿದರೆ, ಅಡಿಬದಿಯಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’. ವರದಿಯಲ್ಲಿ ‘ಮಾಡು 1865ರದ್ದು’ ಎಂದು ಬರೆದೇಬಿಟ್ಟೆ. ಮನೆಯವರಿಗೆ ಖುಷಿಯೋ ಖುಷಿ, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮೇಸ್ತ್ರಿ ಮಾತ್ರ ನಕ್ಕುಬಿಟ್ಟರು. “ಇಂಜಿನಿಯರ್ರೇ, ಹೋಟೆಲಿನ ಬೋರ್ಡಿನಲ್ಲಿ ಸ್ಥಾಪನೆ ಅಂತ ಇಸವಿ ಇರ್ತದಲ್ಲ, ಇಡ್ಲಿಯೂ ಆ ವರ್ಷದ್ದಾ?”

1865 ಎಂದರೆ ಕಾರ್ಖಾನೆ ಹುಟ್ಟಿದ ವರ್ಷ. ಬಾಸೆಲ್ ಮಿಷನ್ ಎಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ. ಅದರ ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್, ನೇತ್ರಾವತಿ ದಡದ ಜೇಡಿಮಣ್ಣು ನೋಡಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಮಾಡಿಸಲು ಹೊರಟರು. ಅಕ್ಷರದ ಅಚ್ಚಿನವರು ಮಣ್ಣಿನ ಅಚ್ಚಿಗೆ ಬಂದದ್ದು ನನಗಿನ್ನೂ ಸೋಜಿಗ. ಮತಾಂತರವಾಗಿ ಮನೆ, ಕಸುಬು ಎರಡೂ ಬಿಟ್ಟು ಬಂದವರಿಗೆ ಕೆಲಸ ಕೊಡುವುದೂ ಮಿಷನ್ನಿನ ಲೆಕ್ಕದಲ್ಲಿತ್ತು. ಮುಳಿಹುಲ್ಲಿನ ಮಾಡುಗಳ ಊರಿನಲ್ಲಿ ಕೆಂಪು ಹಂಚು ಹೀಗೆ ಬೇರೂರಿತು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ, ಆಮೇಲೆ ಒಂದರ ಹಿಂದೆ ಒಂದು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಜರ್ಮನರು ಹೊರಬಿದ್ದ ಮೇಲೆ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಾಗಾಗಿ ಕಾಲ ಹೇಳುವುದರಲ್ಲಿ ಇಸವಿಗಿಂತ ಕಾರ್ಖಾನೆಯ ಹೆಸರೇ ವಾಸಿ.

ವರದಿ ತಿದ್ದಿದೆ. ಮನೆಯವರ ಮುಖ ಸಣ್ಣದಾಯಿತು, ಇರಲಿ. ದುಬಾರಿಯಾದದ್ದು ಮುಂದಿನ ತಪ್ಪು. ಒಡೆದವುಗಳ ಬದಲಿಗೆ ನಾನೂರು ಹಂಚು ತರಿಸಿದ್ದೆ. ನೋಡಲು ಅದೇ ಬಣ್ಣ, ಅದೇ ಆಕಾರ, ಆದರೆ ಬೇರೆ ಕಾರ್ಖಾನೆಯದು. ಹಂಚಿನ ಪಕ್ಕದ ಕಾಲುವೆ ಪಕ್ಕದ ಹಂಚಿನ ಅಂಚನ್ನು ಹಿಡಿಯಬೇಕು, ಅಡಿಯ ಮೊಳೆಯಂಥ ಉಬ್ಬು ರೀಪನ್ನು, ಅಂದರೆ ಹಂಚು ಕೂರುವ ಮರದ ಪಟ್ಟಿಯನ್ನು, ಕಚ್ಚಬೇಕು. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಇವು ನೂಲಿನಷ್ಟು ಆಚೀಚೆ. ಒಂದು ಹಂಚಿನಲ್ಲಿ ಗೊತ್ತಾಗುವುದಿಲ್ಲ, ಹತ್ತನೆಯದಕ್ಕೆ ಬರುವಾಗ ಸಾಲೇ ಸೊಟ್ಟ. ನಮ್ಮ ಕಡೆಯ ಜೂನ್ ಮಳೆ ಅಂಥ ಸಂದನ್ನು ಬಿಡುತ್ತದೆಯೇ?

ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದರು. ಎದುರಿನ ಮಾಡಿಗೆ ಹಳೆಯವನ್ನೇ ಹೆಕ್ಕಿ ಹಾಕಿ, ಹೊಸವನ್ನೆಲ್ಲ ಹಿಂದಿನ ಕೊಟ್ಟಿಗೆಗೆ ಒಟ್ಟಾಗಿ ಹೊದಿಸಿದೆವು, ರೀಪಿನ ಅಂತರ ಬದಲಿಸಿ. ಆ ರೀಪಿನ ಖರ್ಚು ನನ್ನ ಕೈಯಿಂದಲೇ ಹೋಯಿತು.

ಈಗ ಹಂಚು ಕೊಳ್ಳಲು ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಆ ಮನೆಯದೇ ಎರಡು ಹಂಚು ಇರುತ್ತವೆ. ಅಂಗಡಿಯ ಅಂಗಳದಲ್ಲೇ ಜೋಡಿಸಿ, ಮೇಲೊಂದು ಚೊಂಬು ನೀರು ಸುರಿದು ನೋಡುತ್ತೇನೆ. ಅಂಗಡಿಯವರಿಗೆ ಕಿರಿಕಿರಿ, ಆದರೂ ನೀರು ಅವರೇ ತಂದುಕೊಡುತ್ತಾರೆ.